ಮಕ್ಕಳಿಗೆ ಪದೇ ಪದೇ ಕಿವಿನೋವು: ಮೊದಲ ರಾತ್ರಿಯಿಂದ ಹಿಯರಿಂಗ್ ಟೆಸ್ಟ್‌ವರೆಗೆ ಏನೇನು ಮಾಡಬೇಕು?

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಅಡುಗೆಮನೆಯಲ್ಲಿ ಕಾಲನಿರ್ಣಯ ಕ್ಯಾಲೆಂಡರ್ ತೂಗುತ್ತದೆ. ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಊರಿನ ರೈಲಿಗೆ ಟಿಕೆಟ್ ಬುಕ್ ಮಾಡಬೇಕಾದ ತಾರೀಖು, ಎಲ್ಲ ಅದರಲ್ಲೇ. ಒಂದು ವರ್ಷ ಅದೇ ಕ್ಯಾಲೆಂಡರಿನ ಮೇಲೆ ಕೆಂಪು ಪೆನ್ನಿನಲ್ಲಿ ‘ಕಿವಿ’ ಅಂತ ಬರೆಯಲು ಶುರು ಮಾಡಿದೆ. ಜುಲೈಯಲ್ಲಿ ಒಂದು, ಆಗಸ್ಟ್ ಕೊನೆಗೆ ಒಂದು, ಗಣಪತಿ ಮುಗಿದ ವಾರ ಇನ್ನೊಂದು, ನವೆಂಬರಿನಲ್ಲಿ ಮತ್ತೊಂದು. ನಾಲ್ಕನೆಯದನ್ನು ಬರೆದ ದಿನ ಹಿಂದಿನ ಪುಟಗಳನ್ನು ತಿರುವಿ ನೋಡಿ ನನಗೆ ಗಾಬರಿಯಾಯಿತು.

ಅಷ್ಟರಲ್ಲಿ ಮಗನನ್ನು ಮೂರು ಕಡೆ ತೋರಿಸಿಯಾಗಿತ್ತು. ಮನೆ ಹತ್ತಿರದ ಫ್ಯಾಮಿಲಿ ಡಾಕ್ಟರು, ಭಾನುವಾರ ತೆರೆದಿದ್ದ ಇನ್ನೊಂದು ಕ್ಲಿನಿಕ್, ರಜೆಗೆ ಹೋದಾಗ ಊರಿನ ಡಾಕ್ಟರು. ಮೂವರೂ ಒಳ್ಳೆಯ ಔಷಧಿಯನ್ನೇ ಕೊಟ್ಟಿದ್ದರು. ಆದರೆ ಮೂವರಿಗೂ ಅದು ಮೊದಲನೇ ಸಲದ ಕಿವಿನೋವು. ಒಟ್ಟು ಎಷ್ಟು ಸಲ ಬಂದಿದೆ ಅಂತ ಯಾರಿಗೂ ಗೊತ್ತಿರಲಿಲ್ಲ.

ಒಂದೊಂದು ಸಲದ ಕಿವಿನೋವು ವಾಸಿ ಮಾಡುವುದು ಅಷ್ಟು ಕಷ್ಟವಲ್ಲ. ಎರಡು ನೋವಿನ ನಡುವೆ ಕಿವಿಯೊಳಗೆ ಏನಾಗುತ್ತಿದೆ ಅಂತ ನೋಡುವವರೇ ಇರುವುದಿಲ್ಲ, ಕಷ್ಟ ಇರುವುದು ಅಲ್ಲಿ. ಮಗುವಿಗೆ ಕೇಳಿಸುವುದು ಕಡಿಮೆಯಾಗುವುದು, ಮಾತು ಹಿಂದೆ ಬೀಳುವುದು ಆ ನಡುವಿನ ತಿಂಗಳುಗಳಲ್ಲೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ಇಬ್ಬರು ಮಕ್ಕಳ ತಾಯಿ. ಮಗುವನ್ನು ಕಣ್ಣಾರೆ ನೋಡಿದ ಡಾಕ್ಟರ ಮಾತನ್ನೇ ಮುಖ್ಯ ಅಂತ ಇಟ್ಟುಕೊಂಡು ಓದಿ.

ಯಾವ ಕಿವಿನೋವು ಅಂತ ಮೊದಲು ತಿಳಿದುಕೊಳ್ಳಿ

ಕಿವಿಯ ತಮಟೆಯ ಹಿಂದೆ ಗಾಳಿ ತುಂಬಿದ ಒಂದು ಪುಟ್ಟ ಕೋಣೆ ಇದೆ. ಅದು ನಡುಗಿವಿ. ಅಲ್ಲಿಂದ ಮೂಗಿನ ಹಿಂಭಾಗಕ್ಕೆ ಒಂದು ಸಣ್ಣ ನಾಳ ಹೋಗುತ್ತದೆ, ಯೂಸ್ಟೇಶಿಯನ್ ಟ್ಯೂಬ್ ಅಂತ ಅದರ ಹೆಸರು. ದೊಡ್ಡವರಲ್ಲಿ ಅದು ಇಳಿಜಾರಾಗಿರುತ್ತದೆ. ಮಕ್ಕಳಲ್ಲಿ ಗಿಡ್ಡ, ಹೆಚ್ಚುಕಡಿಮೆ ಅಡ್ಡ ಮಲಗಿದ ಹಾಗೆ. ಶೀತವಾದಾಗ ಈ ನಾಳ ಊದಿ ಮುಚ್ಚಿಕೊಳ್ಳುತ್ತದೆ. ಕೋಣೆಯಲ್ಲಿ ನೀರು ನಿಲ್ಲುತ್ತದೆ. ನಿಂತ ನೀರಿನಲ್ಲಿ ಕೀಟಾಣು ಬೆಳೆದು ಕೀವಾಗುತ್ತದೆ, ತಮಟೆ ಉಬ್ಬುತ್ತದೆ, ನೋವು ಶುರುವಾಗುತ್ತದೆ. ನ್ಯುಮೋಕಾಕಸ್, ಹೀಮೋಫಿಲಸ್, ಮೊರಾಕ್ಸೆಲ್ಲಾ ಅನ್ನುವ ಮೂರು ಬ್ಯಾಕ್ಟೀರಿಯಾಗಳದ್ದೇ ಇಲ್ಲಿ ಹೆಚ್ಚಿನ ಕಾಟ. ಶೀತದ ವೈರಸ್‌ಗಳೂ ಜೊತೆಗಿರುತ್ತವೆ. 6 ತಿಂಗಳಿಂದ 2 ವರ್ಷದ ನಡುವೆ ಈ ತೊಂದರೆ ಅತಿ ಜಾಸ್ತಿ.

ಹೊರಗಿವಿಯ ಸೋಂಕು ಬೇರೆ. ಕಿವಿಯ ರಂಧ್ರದ ಮುಂದಿರುವ ಪುಟ್ಟ ಉಬ್ಬನ್ನು ಮೆಲ್ಲಗೆ ಒತ್ತಿದರೆ, ಅಥವಾ ಕಿವಿಯನ್ನು ಮೇಲಕ್ಕೆಳೆದರೆ ಮಗು ಚೀರುತ್ತದೆ ಅಂದರೆ ನೋವು ಹೊರಗಿವಿಯದ್ದಾಗಿರುವ ಸಾಧ್ಯತೆ ಜಾಸ್ತಿ. ಮುಂಬೈ ಮಳೆಗಾಲದಲ್ಲಿ ಇನ್ನೊಂದು ಕಾಟ ಇದೆ, ಕಿವಿಯೊಳಗೆ ಬೂಷ್ಟು. ಬಟ್ಟೆ ಒಣಗದ ಆ ತಿಂಗಳುಗಳಲ್ಲಿ ಕಿವಿಯೂ ಒಣಗುವುದಿಲ್ಲ ಅಲ್ವಾ? ಇದರಲ್ಲಿ ನೋವಿಗಿಂತ ತುರಿಕೆ ಹೆಚ್ಚು. ಎಣ್ಣೆ ಬಿಟ್ಟರೆ ಇನ್ನೂ ಹಬ್ಬುತ್ತದೆ. ಈ ಎರಡಕ್ಕೂ ಚಿಕಿತ್ಸೆ ಬೇರೆ. ಆದ್ದರಿಂದ ಹಿಂದಿನ ಸಲದ ಔಷಧಿಯನ್ನೇ ಕೆಮಿಸ್ಟ್ ಹತ್ತಿರ ಕೇಳಿ ತಂದು ಹಾಕಬೇಡಿ.

ಮಾತು ಬಾರದ ಕೂಸು ಕಿವಿ ಎಳೆದುಕೊಳ್ಳುತ್ತದೆ ಅಂದಮಾತ್ರಕ್ಕೆ ಅದು ಸೋಂಕಲ್ಲ. ಹಲ್ಲು ಬರುವಾಗಲೂ ಎಳೆಯುತ್ತವೆ, ನಿದ್ದೆ ಬಂದಾಗಲೂ ಎಳೆಯುತ್ತವೆ. ಶೀತವಾಗಿ ಎರಡು ಮೂರು ದಿನದ ಮೇಲೆ ಹೊಸದಾಗಿ ಜ್ವರ ಬಂದರೆ, ಮಲಗಿಸಿದರೆ ಅಳು ಜಾಸ್ತಿಯಾಗಿ ಎತ್ತಿಕೊಂಡರೆ ಕಡಿಮೆಯಾದರೆ, ಎರಡು ಗುಟುಕು ಹಾಲು ಚೀಪಿ ತಟ್ಟನೆ ಬಿಟ್ಟು ಅತ್ತರೆ, ಆಗ ಕಿವಿಯ ಮೇಲೆ ಅನುಮಾನ ಪಡಿ. ಚೀಪುವಾಗ, ನುಂಗುವಾಗ ಆ ಕೋಣೆಯ ಒತ್ತಡ ಬದಲಾಗುತ್ತದೆ, ಅದಕ್ಕೇ ನೋವು.

ಬೆಳಗಾಗುವವರೆಗೆ ಕಾಯಬಾರದ್ದು

ಕಿವಿಯ ಹಿಂದಿನ ಎಲುಬು ಕೆಂಪಾಗಿ ಊದಿ, ಕಿವಿ ಮುಂದಕ್ಕೆ ದೂಡಿದ ಹಾಗೆ ಕಾಣುವುದು. ಮುಖ ಒಂದು ಕಡೆ ಸೊಟ್ಟಗಾಗುವುದು. ಕುತ್ತಿಗೆ ಬಿಗಿಯಾಗುವುದು. ಮೇಲಿಂದ ಮೇಲೆ ವಾಂತಿ, ತಲೆ ಸುತ್ತಿ ನಡೆಯಲಾಗದಿರುವುದು, ಎಬ್ಬಿಸಿದರೂ ಸರಿಯಾಗಿ ಏಳದ ಮಂಪರು, ಫಿಟ್ಸ್. 3 ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಅಥವಾ ಅದಕ್ಕಿಂತ ಜಾಸ್ತಿ ಜ್ವರ. ಇದರಲ್ಲಿ ಒಂದು ಕಂಡರೂ ರಾತ್ರಿಯೇ ಆಸ್ಪತ್ರೆಗೆ ಹೊರಡಿ. ಇವು ಅಪರೂಪ. ಆದರೆ ಬಂದಾಗ ಗಂಟೆಗಳ ಲೆಕ್ಕದಲ್ಲಿ ಕೆಲಸ ಆಗಬೇಕು.

ಆ ರಾತ್ರಿ: ನೋವಿಗೆ ಔಷಧಿ ಕೊಡಿ

ಕಿವಿನೋವಿಗೆ ಆ ರಾತ್ರಿ ಬೇಕಾದ್ದು ಆಂಟಿಬಯಾಟಿಕ್ ಅಲ್ಲ, ನೋವಿನ ಔಷಧಿ. ಆಂಟಿಬಯಾಟಿಕ್ ಕೊಟ್ಟರೂ ಮೊದಲ 24 ಗಂಟೆ ಅದು ನೋವಿಗೆ ಅಷ್ಟಾಗಿ ತಾಗುವುದಿಲ್ಲ. ಜ್ವರ ಇಲ್ಲದಿದ್ದರೂ ಪ್ಯಾರಾಸಿಟಮಾಲ್ ಕೊಡಬಹುದು. ‘ಜ್ವರ ಇಲ್ಲವಲ್ಲ’ ಅಂತ ಎಷ್ಟೋ ಮನೆಗಳಲ್ಲಿ ಮಗುವನ್ನು ರಾತ್ರಿಯಿಡೀ ಅಳಿಸುತ್ತೇವೆ.

ಇಲ್ಲಿ ಒಂದು ದೊಡ್ಡ ಎಚ್ಚರ ಬೇಕು. ಪ್ಯಾರಾಸಿಟಮಾಲ್ ನಮ್ಮಲ್ಲಿ ಮೂರು ಬೇರೆ ಬೇರೆ ಗಟ್ಟಿಯಲ್ಲಿ ಸಿಗುತ್ತದೆ. ಕೂಸುಗಳ ಡ್ರಾಪ್ಸ್‌ನಲ್ಲಿ 1 ಮಿಲಿಗೆ 100 ಮಿಲಿಗ್ರಾಂ. ಸಾಮಾನ್ಯ ಸಿರಪ್‌ನಲ್ಲಿ 5 ಮಿಲಿಗೆ 120 ಅಥವಾ 125 ಮಿಲಿಗ್ರಾಂ. ಇನ್ನೊಂದು ಸಿರಪ್‌ನಲ್ಲಿ 5 ಮಿಲಿಗೆ 250. ಡೋಸ್ ಲೆಕ್ಕ ಮಾಡುವುದು ತೂಕದ ಮೇಲೆ, ವಯಸ್ಸಿನ ಮೇಲಲ್ಲ. ಒಂದು ಸಲಕ್ಕೆ ಒಂದು ಕಿಲೋಗೆ 10ರಿಂದ 15 ಮಿಲಿಗ್ರಾಂ. 12 ಕಿಲೋ ಮಗುವಿಗೆ ಅತಿ ಹೆಚ್ಚು ಅಂದರೆ 180 ಮಿಲಿಗ್ರಾಂ. ಅದೇ 180 ಮಿಲಿಗ್ರಾಂ 120ರ ಸಿರಪ್‌ನಲ್ಲಿ 7.5 ಮಿಲಿ, 250ರ ಸಿರಪ್‌ನಲ್ಲಿ 3.6 ಮಿಲಿ, ಡ್ರಾಪ್ಸ್‌ನಲ್ಲಿ 1.8 ಮಿಲಿ. ಸಿರಪ್ ಅಂದುಕೊಂಡು ಡ್ರಾಪ್ಸ್ ಅನ್ನು 7.5 ಮಿಲಿ ಕುಡಿಸಿದರೆ ನಾಲ್ಕು ಪಟ್ಟು ಆಗಿಬಿಡುತ್ತದೆ, ಲಿವರ್‌ಗೇ ಪೆಟ್ಟು. ಅದಕ್ಕೆ ಬಾಟಲಿ ಮೇಲಿನ ಸಣ್ಣ ಅಕ್ಷರವನ್ನು ದೀಪ ಹಾಕಿ ಓದಿ. ಅಡುಗೆಯ ಚಮಚ ಬೇಡ. ಕೆಮಿಸ್ಟ್ ಬಳಿ ಸೂಜಿ ಇಲ್ಲದ ಸಿರಿಂಜ್ ಸಿಗುತ್ತದೆ, ಅದರಲ್ಲೇ ಅಳೆಯಿರಿ. ಮತ್ತೆ ಕೊಡಬೇಕೆಂದರೆ 6 ಗಂಟೆ ಬಿಟ್ಟು ಕೊಡಿ, ದಿನಕ್ಕೆ 4 ಸಲ ಮೀರಬೇಡಿ. ಶೀತದ ಸಿರಪ್‌ಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ. ಎರಡನ್ನೂ ಒಟ್ಟಿಗೆ ಕೊಡಬೇಡಿ.

ಐಬುಪ್ರೊಫೆನ್ ಕಿವಿನೋವಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. 6 ತಿಂಗಳ ಮೇಲಿನ ಮಕ್ಕಳಿಗೆ ಡಾಕ್ಟರು ಬರೆದು ಕೊಡುತ್ತಾರೆ. ಆದರೆ ನಮ್ಮ ಊರಿನಲ್ಲಿ ಜುಲೈಯಿಂದ ನವೆಂಬರ್‌ವರೆಗೆ ಡೆಂಗಿಯ ಕಾಲ. ಜ್ವರ ಜೋರಾಗಿದ್ದು ಕಾರಣ ಖಚಿತವಾಗಿಲ್ಲ ಅಂದರೆ ಐಬುಪ್ರೊಫೆನ್ ಬೇಡ. ಡೆಂಗಿಯಾಗಿದ್ದರೆ ರಕ್ತಸ್ರಾವಕ್ಕೆ ದಾರಿ ಮಾಡಿಕೊಡುತ್ತದೆ. ಆಸ್ಪಿರಿನ್ ಅಂತೂ ಮಕ್ಕಳಿಗೆ ಬೇಡವೇ ಬೇಡ.

ಇನ್ನು ಎಣ್ಣೆಯ ಮಾತು. ನಮ್ಮ ಅತ್ತೆ ಕುಂದಾಪುರದವರು. ಕೊಬ್ಬರಿ ಎಣ್ಣೆಗೆ ಬೆಳ್ಳುಳ್ಳಿ ಎಸಳು ಹಾಕಿ ಕಾಯಿಸಿ ಕಿವಿಗೆ ಎರಡು ಹನಿ ಬಿಡುವುದು ಅವರ ತಾಯಿಯ ಕಾಲದಿಂದ ಬಂದ ಪದ್ಧತಿ. ಅವರಿಗಿರುವ ಅಕ್ಕರೆಯಲ್ಲಿ ನನಗೆ ಸಂಶಯವಿಲ್ಲ. ಆದರೆ ನೋವಿರುವುದು ತಮಟೆಯ ಆಚೆ. ತಮಟೆ ಸರಿಯಿದ್ದರೆ ಎಣ್ಣೆ ಅಲ್ಲಿಗೆ ಹೋಗುವುದೇ ಇಲ್ಲ. ತಮಟೆ ಹರಿದಿದ್ದರೆ ಹೋಗಬಾರದ ಜಾಗಕ್ಕೆ ಹೋಗುತ್ತದೆ. ಬಿಸಿ ಹೆಚ್ಚಾದರೆ ಕಿವಿಯೊಳಗೆ ಸುಡುತ್ತದೆ. ಇಷ್ಟನ್ನು ಡಾಕ್ಟರು ಅತ್ತೆಯ ಎದುರಿಗೇ ಚಿತ್ರ ಬರೆದು ಹೇಳಿದರು. ಆಮೇಲೆ ಅತ್ತೆ ಎಣ್ಣೆ ಬಿಟ್ಟು ಶಾಖ ಹಿಡಿದರು. ಮೆತ್ತನೆಯ ಹತ್ತಿ ಬಟ್ಟೆಯನ್ನು ಬಿಸಿನೀರಲ್ಲಿ ಅದ್ದಿ, ಗಟ್ಟಿಯಾಗಿ ಹಿಂಡಿ, ಮೊದಲು ತಮ್ಮ ಮಣಿಕಟ್ಟಿಗೆ ಮುಟ್ಟಿಸಿ ನೋಡಿ, ಆಮೇಲೆ ಮೊಮ್ಮಗನ ಕಿವಿಯ ಮೇಲಿಡುತ್ತಿದ್ದರು. ಅವನು ಅಜ್ಜಿಯ ತೊಡೆಯ ಮೇಲೆ ಹಾಗೇ ನಿದ್ದೆ ಹೋಗುತ್ತಿದ್ದ. ಈ ಶಾಖದಿಂದ ತೊಂದರೆ ಇಲ್ಲ, ಹಿತವೇ. ಎದೆಹಾಲು ಬಿಡುವುದು, ಕಿವಿಯೊಳಗೆ ಊದುವುದು, ಇಯರ್‌ಬಡ್, ಹೇರ್‌ಪಿನ್ ಇವು ಮಾತ್ರ ಬೇಡ. ಸ್ಟೇಷನ್ ಹೊರಗೆ ಕಿವಿ ಸ್ವಚ್ಛ ಮಾಡಲು ಕೂರುವವರ ಹತ್ತಿರವೂ ಮಗುವನ್ನು ಕೂರಿಸಬೇಡಿ.

ಡಾಕ್ಟರ ಬಳಿ: ತಮಟೆ ನೋಡಿದರಾ ಅಂತ ಕೇಳಿ

ಈ ಕಾಯಿಲೆ ಪತ್ತೆಯಾಗುವುದು ಕಿವಿಯೊಳಗೆ ದೀಪ ಹಾಕಿ ತಮಟೆ ನೋಡಿದಾಗ. ತಮಟೆ ಉಬ್ಬಿದ್ದರೆ ಅದು ನಡುಗಿವಿಯ ಸೋಂಕು. ಬರೀ ಕೆಂಪಾಗಿದ್ದರೆ ಸಾಲದು, ಜೋರಾಗಿ ಅತ್ತ ಮಗುವಿನ ತಮಟೆಯೂ ಕೆಂಪಾಗುತ್ತದೆ. ಕುಗ್ಗೆ, ಅಂದರೆ ಕಿವಿಯ ಮೇಣ, ಅಡ್ಡ ಬಂದು ತಮಟೆ ಕಾಣದಿದ್ದರೆ ಅದನ್ನು ತೆಗೆದು ನೋಡಬೇಕು. ‘ಡಾಕ್ಟರೇ, ತಮಟೆ ಕಾಣಿಸಿತಾ? ಉಬ್ಬಿದೆಯಾ? ಒಂದು ಕಿವಿಯಾ, ಎರಡೂನಾ?’ ಇಷ್ಟು ಕೇಳಲು ಸಂಕೋಚ ಬೇಡ. ಉತ್ತರವನ್ನು ಚೀಟಿಯ ಮೇಲೇ ಬರೆಸಿಕೊಳ್ಳಿ. ಮುಂದೆ ಇದೇ ನಿಮ್ಮ ದಾಖಲೆ.

ಎಲ್ಲ ಮಕ್ಕಳಿಗೂ ಆ ಕ್ಷಣವೇ ಆಂಟಿಬಯಾಟಿಕ್ ಬೇಕಾಗುವುದಿಲ್ಲ. 6 ತಿಂಗಳೊಳಗಿನ ಕೂಸಿಗೆ ಬೇಕು. ಯಾವ ವಯಸ್ಸಾದರೂ ಕಿವಿ ಸೋರುತ್ತಿದ್ದರೆ, ನೋವು ಜೋರಿದ್ದರೆ, ನೋವು ಶುರುವಾಗಿ 48 ಗಂಟೆ ದಾಟಿದ್ದರೆ, ಜ್ವರ 102.2 ಡಿಗ್ರಿ ಮುಟ್ಟಿದ್ದರೆ ಬೇಕು. 2 ವರ್ಷದೊಳಗೆ ಎರಡೂ ಕಿವಿಗೆ ಬಂದಿದ್ದರೂ ಬೇಕು. ಉಳಿದವರಿಗೆ, ಮುಖ್ಯವಾಗಿ 2 ವರ್ಷ ದಾಟಿ ಸಣ್ಣ ನೋವಿರುವವರಿಗೆ, ನೋವಿನ ಔಷಧಿ ಕೊಟ್ಟು 2-3 ದಿನ ಕಾದು ನೋಡೋಣ ಅಂತ ಡಾಕ್ಟರು ಹೇಳಬಹುದು. ಹಾಗೆ ಹೇಳಿದವರು ನಿರ್ಲಕ್ಷ್ಯ ಮಾಡುತ್ತಿಲ್ಲ. ಎಷ್ಟೋ ಮಕ್ಕಳ ಕಿವಿ ತಾನಾಗಿಯೇ ವಾಸಿಯಾಗುತ್ತದೆ. ಆದರೆ 48ರಿಂದ 72 ಗಂಟೆಯಲ್ಲಿ ಗುಣವಾಗದಿದ್ದರೆ ಮತ್ತೆ ತೋರಿಸಲೇಬೇಕು.

ಔಷಧಿ ಬೇಕಾದರೆ ಮೊದಲ ಆಯ್ಕೆ ಸಾಮಾನ್ಯವಾಗಿ ಅಮಾಕ್ಸಿಸಿಲಿನ್, ಅದೂ ಒಂದು ಕಿಲೋಗೆ ದಿನಕ್ಕೆ 80-90 ಮಿಲಿಗ್ರಾಂನ ದೊಡ್ಡ ಡೋಸ್‌ನಲ್ಲಿ. ಹಿಂದಿನ 30 ದಿನದಲ್ಲಿ ಅದನ್ನು ಕೊಟ್ಟಿದ್ದರೆ, ಅಥವಾ ಕಣ್ಣೂ ಕೆಂಪಾಗಿ ಪಿಸುರು ಬರುತ್ತಿದ್ದರೆ, ಕ್ಲಾವುಲನೇಟ್ ಸೇರಿದ್ದು ಕೊಡುತ್ತಾರೆ. ಹಳೇ ಚೀಟಿ ಒಯ್ಯಬೇಕು ಅನ್ನುವುದು ಇದಕ್ಕೇ. ಪದೇ ಪದೇ ಬರುವ ಮಕ್ಕಳಲ್ಲಿ ಹೋದ ಸಲ ಯಾವುದು ಕೊಟ್ಟರು ಅನ್ನುವುದರ ಮೇಲೆ ಈ ಸಲದ ಔಷಧಿ ನಿಂತಿದೆ. ಪೆನಿಸಿಲಿನ್ ಅಲರ್ಜಿ ಇದ್ದರೆ ಮೊದಲೇ ಹೇಳಿ.

ಕೋರ್ಸ್ ಮುಗಿಸುವ ರೀತಿ

ಒಂದು ತಪ್ಪು ನಮ್ಮ ಮನೆಯಲ್ಲೇ ಆಯಿತು. ಮೂರನೇ ದಿನ ಮಗ ಓಡಾಡಲು ಶುರು ಮಾಡಿದ, ಹೊಟ್ಟೆಯೂ ಸ್ವಲ್ಪ ಸಡಿಲವಾಗಿತ್ತು. ಸುಮ್ನೆ ಯಾಕೆ ಅಂತ ಔಷಧಿ ನಿಲ್ಲಿಸಿದೆವು. ಹನ್ನೆರಡನೇ ದಿನಕ್ಕೆ ಮತ್ತೆ ಅದೇ ಕಿವಿ. ಸಾಮಾನ್ಯವಾಗಿ 2 ವರ್ಷದೊಳಗೆ 10 ದಿನ, 2ರಿಂದ 5 ವರ್ಷಕ್ಕೆ 7 ದಿನ, ಅದರ ಮೇಲೆ 5-7 ದಿನ ಕೊಡುತ್ತಾರೆ. ಬೇಧಿಯಾದರೆ ನೀವೇ ನಿಲ್ಲಿಸಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಮೈಯೆಲ್ಲ ದದ್ದು ಎದ್ದರೆ, ತುಟಿ ಊದಿದರೆ, ಉಸಿರಾಟಕ್ಕೆ ಕಷ್ಟವಾದರೆ ಮಾತ್ರ ಆ ಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಓಡಿ.

ಇನ್ನೊಂದು ವಿಷಯ ನನಗೆ ಯಾರೂ ಹೇಳಿರಲಿಲ್ಲ. ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಪುಡಿಯ ರೂಪದಲ್ಲಿ ಬರುತ್ತದೆ. ಕುದಿಸಿ ಆರಿಸಿದ ನೀರನ್ನು ಗೆರೆಯವರೆಗೆ ಹಾಕಿ ಕಲಸಬೇಕು. ಕಲಸಿದ ಮೇಲೆ ಫ್ರಿಜ್‌ನಲ್ಲಿಟ್ಟರೂ 7 ದಿನ ಮಾತ್ರ ಸರಿ ಇರುತ್ತದೆ. 10 ದಿನದ ಕೋರ್ಸ್‌ಗೆ ಎರಡು ಬಾಟಲಿ ಬೇಕು, ಎರಡನೆಯದನ್ನು 8ನೇ ದಿನ ಕಲಸಬೇಕು. ಪ್ರತಿ ಸಲ ಚೆನ್ನಾಗಿ ಅಲುಗಾಡಿಸಿ. ಇಲ್ಲದಿದ್ದರೆ ಮೊದಲ ದಿನ ಬರೀ ನೀರು, ಕೊನೆಯ ದಿನ ಗಷ್ಟು ಕುಡಿಸಿದ ಹಾಗಾಗುತ್ತದೆ.

ಮೂಗು ಒಣಗಿಸುವ ಸಿರಪ್, ಅಲರ್ಜಿ ಸಿರಪ್ ಇವುಗಳಿಂದ ಕಿವಿಯ ಸೋಂಕು ಬೇಗ ಹೋಗುವುದಿಲ್ಲ, ಮಗು ತೂಕಡಿಸುತ್ತದೆ ಅಷ್ಟೆ. ಮೂಗು ಕಟ್ಟಿದ್ದರೆ ಉಪ್ಪುನೀರಿನ ಡ್ರಾಪ್ಸ್ ಸಾಕು. ಪಾತ್ರೆಯಲ್ಲಿ ನೀರು ಕುದಿಸಿ ಹಬೆ ಕೊಡುವುದು ಬೇಡ, ನಮ್ಮ ಸಣ್ಣ ಮನೆಗಳಲ್ಲಿ ಕುದಿನೀರು ಮೈಮೇಲೆ ಬೀಳುವ ಭಯ ಅದಕ್ಕಿಂತ ದೊಡ್ಡದು.

ಕಿವಿ ಸೋರಿದರೆ

ರಾತ್ರಿಯೆಲ್ಲ ಅತ್ತ ಮಗು ಬೆಳಗ್ಗೆ ತಟ್ಟನೆ ಸುಮ್ಮನಾಗುತ್ತದೆ, ದಿಂಬಿನ ಮೇಲೆ ಹಳದಿ ಕಲೆ ಇರುತ್ತದೆ. ಅಂದರೆ ತಮಟೆಯಲ್ಲಿ ಸಣ್ಣ ತೂತಾಗಿ ಕೀವು ಹೊರಗೆ ಬಂದಿದೆ. ಒತ್ತಡ ಇಳಿದದ್ದಕ್ಕೇ ನೋವು ನಿಂತದ್ದು. ಹೆದರಬೇಡಿ, ಹೆಚ್ಚಿನವರಿಗೆ ಈ ತೂತು ಕೆಲವು ವಾರಗಳಲ್ಲಿ ತಾನೇ ಮುಚ್ಚುತ್ತದೆ. ಆದರೆ ಡಾಕ್ಟರಿಗೆ ತೋರಿಸಿ, ಮುಚ್ಚಿದೆ ಅಂತ ಅವರು ಹೇಳುವವರೆಗೆ ಕಿವಿಗೆ ನೀರು ಹೋಗಬಾರದು.

ಕೀವು ಒರೆಸಲು ಒಳ್ಳೆಯ ಉಪಾಯ ಬತ್ತಿ. ಚೆನ್ನಾಗಿ ಒಗೆದು ಇಸ್ತ್ರಿ ಮಾಡಿದ ಹಳೇ ಹತ್ತಿ ಬಟ್ಟೆಯ ಸಣ್ಣ ತುಂಡನ್ನು ದೀಪದ ಉದ್ದ ಬತ್ತಿ ಹೊಸೆಯುವ ಹಾಗೆ ಹೊಸೆಯಿರಿ. ಕಡ್ಡಿ ಬೇಡ. ಕೈ ತೊಳೆದುಕೊಂಡು, ಮಗುವನ್ನು ತೊಡೆಯ ಮೇಲೆ ಒರಗಿಸಿ, ಬತ್ತಿಯ ತುದಿಯನ್ನು ಕಿವಿಯ ಬಾಯಲ್ಲಿ ಇಡಿ. ತಳ್ಳಬೇಡಿ, ಅದು ತಾನೇ ಹೀರುತ್ತದೆ. ನೆನೆದದ್ದನ್ನು ತೆಗೆದು ಹೊಸ ಬತ್ತಿ ಇಡಿ. ಒಣ ಬತ್ತಿ ಒಣಗಿಯೇ ಬರುವವರೆಗೆ ಮಾಡಿ. ದಿನಕ್ಕೆ ಮೂರು ಸಲ. ಬತ್ತಿಯನ್ನು ಒಳಗೆ ಬಿಟ್ಟು ಮುಚ್ಚಿಡಬೇಡಿ.

ಡಾಕ್ಟರು ಡ್ರಾಪ್ಸ್ ಬರೆದಿದ್ದರೆ ಹೀಗೆ ಒರೆಸಿದ ಮೇಲೆಯೇ ಹಾಕಿ, ಇಲ್ಲದಿದ್ದರೆ ಕೀವಿನ ಮೇಲೇ ತೇಲುತ್ತದೆ. ಬಾಟಲಿಯನ್ನು ಎರಡು ನಿಮಿಷ ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ, ತಣ್ಣನೆಯ ಹನಿ ಬಿದ್ದರೆ ತಲೆ ಸುತ್ತುತ್ತದೆ. ಮಗುವನ್ನು ಮಗ್ಗುಲಾಗಿ ಮಲಗಿಸಿ. 3 ವರ್ಷದೊಳಗಿದ್ದರೆ ಕಿವಿಯನ್ನು ಕೆಳಕ್ಕೆ ಹಿಂದಕ್ಕೆ, ಅದಕ್ಕಿಂತ ದೊಡ್ಡವರಿಗೆ ಮೇಲಕ್ಕೆ ಹಿಂದಕ್ಕೆ ಎಳೆದು ಹಾಕಿ. ಕಿವಿಯ ಮುಂದಿನ ಉಬ್ಬನ್ನು ನಾಲ್ಕೈದು ಸಲ ಒತ್ತಿ. ಐದು ನಿಮಿಷ ಹಾಗೇ ಮಲಗಿರಲಿ, ಒಂದು ಕಥೆಗೆ ಸಾಕಾಗುವಷ್ಟು ಹೊತ್ತು. ತಮಟೆ ತೂತಾಗಿರುವಾಗ ಸಿಪ್ರೊಫ್ಲಾಕ್ಸಾಸಿನ್, ಆಫ್ಲಾಕ್ಸಾಸಿನ್ ತರಹದ ಡ್ರಾಪ್ಸ್ ಸುರಕ್ಷಿತ. ಜೆಂಟಾಮೈಸಿನ್, ನಿಯೋಮೈಸಿನ್ ಇರುವ ಡ್ರಾಪ್ಸ್ ಒಳಗಿವಿಗೆ ಹೋದರೆ ಕೇಳಿಸುವಿಕೆಗೇ ಕುತ್ತು. ಮನೆಯಲ್ಲಿ ಉಳಿದ ಯಾವುದೋ ಬಾಟಲಿ ತೆಗೆದು ಹಾಕಬಾರದು ಅನ್ನುವುದು ಇದಕ್ಕೇ. ಎರಡು ವಾರ ದಾಟಿಯೂ ಸೋರುತ್ತಿದ್ದರೆ, ಕೊಳೆತ ವಾಸನೆ ಬರುತ್ತಿದ್ದರೆ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ. ಎಲುಬನ್ನು ಸವೆಸುವ ಕೊಲೆಸ್ಟಿಯಟೋಮಾ ಅನ್ನುವ ಬೆಳವಣಿಗೆ ಇದ್ದರೆ ಅದಕ್ಕೆ ಆಪರೇಷನ್ ಬೇಕಾಗುತ್ತದೆ.

ನೋವು ನಿಂತ ಮೇಲೆ: ಕಿವಿಯಲ್ಲಿ ಉಳಿದ ನೀರು

ಸೋಂಕು ಹೋದರೂ ತಮಟೆಯ ಹಿಂದಿನ ನೀರು ಕೂಡಲೇ ಹೋಗುವುದಿಲ್ಲ. ಒಂದು ತಿಂಗಳಾದರೂ ಸುಮಾರು ನೂರರಲ್ಲಿ ನಲವತ್ತು ಮಕ್ಕಳಲ್ಲಿ ಉಳಿದಿರುತ್ತದೆ. ನೋವಿಲ್ಲ, ಜ್ವರವಿಲ್ಲ. ಆದರೆ ನೀರು ತುಂಬಿದ ಕಿವಿಗೆ ಮಾತು ಗೋಡೆಯಾಚೆಯಿಂದ ಬಂದ ಹಾಗೆ ಕೇಳಿಸುತ್ತದೆ. ಜೋರು ಶಬ್ದ ಕೇಳುತ್ತದೆ, ಅದಕ್ಕೇ ನಮಗೆ ಗೊತ್ತಾಗುವುದಿಲ್ಲ. ತಪ್ಪಿಹೋಗುವುದು ಸ, ಶ, ತ, ಫ ತರಹದ ಮೆತ್ತನೆಯ ಅಕ್ಷರಗಳು, ಮಾತಿನ ಬಾಲ. ನಮ್ಮ ಕನ್ನಡದಲ್ಲಿ ಅರ್ಥ ಇರುವುದೇ ಬಾಲದಲ್ಲಿ ಅಲ್ವಾ? ಮನೆಗೆ, ಮನೆಯಲ್ಲಿ, ಮನೆಯಿಂದ. ಇದೆಲ್ಲ ಆ ಮಗುವಿಗೆ ಬರೀ ‘ಮನೆ’.

ಮುಂಬೈ ಕನ್ನಡಿಗರಿಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಮನೆಯಲ್ಲಿ ಕನ್ನಡ, ಹಗಲು ಮಕ್ಕಳನ್ನು ನೋಡಿಕೊಳ್ಳುವ ಪಾಳಣಾಘರ್‌ನಲ್ಲಿ ಮರಾಠಿ, ಬಿಲ್ಡಿಂಗ್ ಮಕ್ಕಳ ಜೊತೆ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಮಗು ಮಾತು ತಡ ಮಾಡಿದರೆ ಎಲ್ಲರೂ ಹೇಳುವುದು ಒಂದೇ: ಭಾಷೆ ಜಾಸ್ತಿಯಾಗಿ ಗೊಂದಲ ಆಗಿದೆ, ಮನೆಯಲ್ಲಿ ಕನ್ನಡ ನಿಲ್ಲಿಸಿ. ನಮಗೂ ಹೇಳಿದರು. ಮಗ ತರಗತಿಯಲ್ಲಿ ಗಮನ ಕೊಡುವುದಿಲ್ಲ ಅಂತ ದೂರು ಬಂತು. ಕರೆದರೆ ‘ಆಂ?’ ಅನ್ನುತ್ತಿದ್ದ, ಟಿವಿ ಸೌಂಡ್ ಏರಿಸುತ್ತಿದ್ದ. ಎರಡು ತಿಂಗಳು ನಾವು ಅವನ ಜೊತೆ ಅರ್ಧಂಬರ್ಧ ಇಂಗ್ಲಿಷ್ ಮಾತಾಡಿದೆವು. ಅಜ್ಜಿ ಮೊಮ್ಮಗನ ನಡುವೆ ಮಾತೇ ನಿಂತುಹೋಯಿತು. ನನಗೆ ಈಗಲೂ ಅದು ಹೊಟ್ಟೆಯಲ್ಲಿ ಸಂಕಟ. ನಾಲ್ಕು ಭಾಷೆ ಕೇಳಿ ಬೆಳೆದರೆ ಮಗುವಿಗೆ ಮಾತು ನಿಲ್ಲುವುದಿಲ್ಲ. ಸರಿಯಾಗಿ ಕೇಳಿಸದಿದ್ದರೆ ಯಾವ ಭಾಷೆಯೂ ಬರುವುದಿಲ್ಲ. ಭಾಷೆ ಬಿಡಿಸುವ ಮೊದಲು ಕಿವಿ ತೋರಿಸಿ.

ಸೋಂಕು ಬಂದ ಪ್ರತಿ ಸಲವೂ, ಮಗು ಚೆನ್ನಾಗಿ ಆಡುತ್ತಿದ್ದರೂ, 2-3 ತಿಂಗಳಿಗೆ ತಮಟೆಯನ್ನು ಮತ್ತೊಮ್ಮೆ ತೋರಿಸಿ. ನೀರು ಇದೆ ಅಂತ ತಿಳಿದರೂ ಗಾಬರಿ ಬೇಡ. ಸಾಮಾನ್ಯವಾಗಿ 3 ತಿಂಗಳು ಕಾಯುತ್ತಾರೆ, ಹೆಚ್ಚಿನವರದ್ದು ಅಷ್ಟರಲ್ಲಿ ಒಣಗುತ್ತದೆ. ಆಂಟಿಬಯಾಟಿಕ್, ಅಲರ್ಜಿ ಔಷಧಿ, ಮೂಗಿನ ಸ್ಟಿರಾಯ್ಡ್ ಸ್ಪ್ರೇಯಿಂದ ಈ ನೀರು ಬೇಗ ಹೋಗುವುದಿಲ್ಲ. ಆ ದಿನಗಳಲ್ಲಿ ಮಗುವಿನ ಎದುರು ಕೂತು, ಮುಖ ನೋಡಿ, ಸ್ವಲ್ಪ ಜೋರಾಗಿ ಮಾತಾಡಿ. ಶಾಲೆಯಲ್ಲಿ ಮುಂದಿನ ಬೆಂಚಿನಲ್ಲಿ ಕೂರಿಸಲು ಟೀಚರಿಗೆ ಹೇಳಿ. 3 ತಿಂಗಳಾದರೂ ನೀರಿದ್ದರೆ, ಅಥವಾ ಮಾತು ಹಿಂದೆ ಬಿದ್ದಿದೆ ಅನಿಸಿದರೆ ಕಾಯದೆ, ಹಿಯರಿಂಗ್ ಟೆಸ್ಟ್ ಮಾಡಿಸಿ.

ಟಿಂಪನೋಮೆಟ್ರಿ ಅನ್ನುವುದು ಒಂದು ನಿಮಿಷದ ಕೆಲಸ. ಮೆತ್ತನೆಯ ರಬ್ಬರ್ ತುದಿಯನ್ನು ಕಿವಿಗೆ ಹಚ್ಚುತ್ತಾರೆ, ‘ಗುಂಯ್’ ಅನ್ನುತ್ತದೆ, ಕಾಗದದ ಮೇಲೆ ಗೆರೆ ಮೂಡುತ್ತದೆ. ಒಳ್ಳೆಯ ಕಿವಿಯ ಗೆರೆ ಗುಡ್ಡದ ಹಾಗೆ ಏರಿ ಇಳಿಯುತ್ತದೆ. ನೀರು ತುಂಬಿದ ಕಿವಿಯದ್ದು ಗದ್ದೆ ಬಯಲಿನ ಹಾಗೆ ಚಪ್ಪಟೆ. ನನ್ನ ಮಗನದ್ದು ಎರಡೂ ಚಪ್ಪಟೆಯಾಗಿತ್ತು. 4-5 ವರ್ಷದ ಮಕ್ಕಳಿಗೆ ಹೆಡ್‌ಫೋನ್ ಹಾಕಿ ಆಡಿಯೋಮೆಟ್ರಿ ಮಾಡಬಹುದು. ತೀರಾ ಸಣ್ಣವರಿಗೆ ನಿದ್ದೆಯಲ್ಲಿ ಬೆರಾ ಟೆಸ್ಟ್ ಮಾಡುತ್ತಾರೆ, ಶಬ್ದಕ್ಕೆ ಮೆದುಳು ಸ್ಪಂದಿಸುತ್ತದಾ ಅಂತ ನೋಡುವುದು ಅದು.

ಮುಂಬೈಯಲ್ಲಿ ಇದಕ್ಕೆ ಒಳ್ಳೆಯ ಜಾಗಗಳಿವೆ. ಬಾಂದ್ರಾ ರೆಕ್ಲಮೇಶನ್‌ನಲ್ಲಿ 1983ರಲ್ಲಿ ಶುರುವಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಇದೆ. ಅದು ಕೇಂದ್ರ ಸರ್ಕಾರದ್ದು, ಕೇಳಿಸುವಿಕೆ ಮತ್ತು ಮಾತಿನ ತೊಂದರೆಗೆಂದೇ ಇರುವುದು. ನಾಯರ್ ಆಸ್ಪತ್ರೆಯ ಜೊತೆ ಆಡಿಯಾಲಜಿ ಕಲಿಸುವ ವಿಭಾಗವೇ ಇದೆ. ಪರೇಲ್‌ನ ಕೆಇಎಂ, ಸಾಯನ್, ಕೂಪರ್ ಇಲ್ಲೆಲ್ಲ ಇಎನ್‌ಟಿ ಓಪಿಡಿ ಇದೆ. ಪರೇಲ್‌ನಲ್ಲೇ ಮಕ್ಕಳ ವಾಡಿಯಾ ಆಸ್ಪತ್ರೆಯೂ ಇದೆ. ಬೆಳಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಿ. ಮಗುವಿಗೆ ತಿಂಡಿ, ನೀರು, ಒಂದು ಆಟಿಕೆ ಜೊತೆಗಿರಲಿ. ಸರದಿ ಉದ್ದ ಇರುತ್ತದೆ.

ಲೆಕ್ಕ ಯಾವಾಗ ಜಾಸ್ತಿ ಆಯಿತು ಅನ್ನಬೇಕು?

6 ತಿಂಗಳಲ್ಲಿ 3 ಸಲ, ಅಥವಾ 12 ತಿಂಗಳಲ್ಲಿ 4 ಸಲ ಬಂದು ಅದರಲ್ಲಿ ಒಂದಾದರೂ ಈಚಿನ 6 ತಿಂಗಳಿನದಾಗಿದ್ದರೆ, ಡಾಕ್ಟರರ ಭಾಷೆಯಲ್ಲಿ ಅದು ಪದೇ ಪದೇ ಬರುವ ಸೋಂಕು. ಇಎನ್‌ಟಿ ಡಾಕ್ಟರನ್ನು ಕಾಣುವ ಸಮಯ ಅದು. ಕ್ಯಾಲೆಂಡರಿನಲ್ಲಿ ನಾನು ಬರೆಯುವುದು ಇಷ್ಟು: ತಾರೀಖು, ಯಾವ ಕಿವಿ, ಜ್ವರ ಎಷ್ಟು, ಸೋರಿತಾ, ಔಷಧಿಯ ಹೆಸರು, ಎಷ್ಟು ದಿನ. ಡಿಸೆಂಬರಿನಲ್ಲಿ ಕ್ಯಾಲೆಂಡರ್ ರದ್ದಿಗೆ ಹೋಗುವ ಮೊದಲು ಪುಟಗಳ ಫೋಟೋ ತೆಗೆದಿಡಿ. ಇಎನ್‌ಟಿ ಡಾಕ್ಟರು ನನ್ನ ಫೋನಿನಲ್ಲಿ ಆ ಫೋಟೋ ನೋಡಿ, ಮುಂದಿನ ಮಾತೆಲ್ಲ ಅದರ ಮೇಲೇ ಆಡಿದರು.

ಸೋಂಕು ಬರದಂತೆ ತಿಂಗಳುಗಟ್ಟಲೆ ಸಣ್ಣ ಡೋಸ್‌ನ ಆಂಟಿಬಯಾಟಿಕ್ ಕೊಡುವ ಪದ್ಧತಿಯನ್ನು ಈಗ ಸಾಮಾನ್ಯವಾಗಿ ಒಪ್ಪುವುದಿಲ್ಲ. ಗ್ರೋಮೆಟ್ ಇನ್ನೊಂದು ದಾರಿ. ತಮಟೆಯಲ್ಲಿ ಕೂರಿಸುವ ಒಂದು ಪುಟ್ಟ ಕೊಳವೆ ಅದು. ಅರಿವಳಿಕೆ ಕೊಟ್ಟು 10-15 ನಿಮಿಷದಲ್ಲಿ ಮುಗಿಯುತ್ತದೆ, ಅದೇ ದಿನ ಮನೆಗೆ ಕಳಿಸುತ್ತಾರೆ. ಕೊಳವೆ ಸಾಮಾನ್ಯವಾಗಿ 6ರಿಂದ 18 ತಿಂಗಳಲ್ಲಿ ತಾನೇ ಬಿದ್ದುಹೋಗುತ್ತದೆ. ಎರಡೂ ಕಿವಿಯಲ್ಲಿ 3 ತಿಂಗಳು ದಾಟಿ ನೀರಿದ್ದು ಕೇಳಿಸುವುದು ಕಡಿಮೆಯಾಗಿದ್ದರೆ ಇದರಿಂದ ತುಂಬಾ ಉಪಯೋಗ. ಸೋಂಕು ಬಂದು ಹೋಗುತ್ತಾ ನಡುವೆ ಕಿವಿ ಪೂರ್ತಿ ಒಣಗುತ್ತಿದ್ದರೆ ಅಷ್ಟು ಉಪಯೋಗವಿಲ್ಲ. 2021ರಲ್ಲಿ ಅಮೆರಿಕದಲ್ಲಿ 6ರಿಂದ 35 ತಿಂಗಳ 250 ಮಕ್ಕಳ ಅಧ್ಯಯನ ಪ್ರಕಟವಾಯಿತು. ಗ್ರೋಮೆಟ್ ಹಾಕಿಸಿಕೊಂಡವರಿಗೂ, ಸೋಂಕು ಬಂದಾಗ ಮಾತ್ರ ಔಷಧಿ ಪಡೆದವರಿಗೂ ಎರಡು ವರ್ಷದಲ್ಲಿ ಬಂದ ಸೋಂಕಿನ ಲೆಕ್ಕ ಹೆಚ್ಚುಕಡಿಮೆ ಒಂದೇ ಇತ್ತು. ಹಾಗಾಗಿ ‘ನಡುವೆ ನೀರು ಉಳಿಯುತ್ತಿದೆಯಾ’ ಅನ್ನುವುದೇ ಕೇಳಬೇಕಾದ ಪ್ರಶ್ನೆ. ನಮ್ಮ ಮಗನಿಗೆ ಉಳಿಯುತ್ತಿತ್ತು, ಹಾಕಿಸಿದೆವು. ಮಾರನೇ ದಿನ ಕುಕ್ಕರ್ ಸೀಟಿಗೆ ಅವನು ಕಿವಿ ಮುಚ್ಚಿಕೊಂಡ.

ಬಾಯಿ ತೆರೆದು ನಿದ್ದೆ, ಗೊರಕೆ, ಸದಾ ಕಟ್ಟಿದ ಮೂಗು ಇದ್ದರೆ ಮೂಗಿನ ಹಿಂದಿನ ಅಡೆನಾಯ್ಡ್ ಗ್ರಂಥಿ ಬೆಳೆದಿದೆಯಾ ಅಂತಲೂ ನೋಡಿಸಿ. ಸೀಳು ಅಂಗುಳ, ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಈ ತೊಂದರೆ ಬೇಗ ಅಂಟಿಕೊಳ್ಳುತ್ತದೆ. ಅವರ ವಿಷಯದಲ್ಲಿ ಲೆಕ್ಕ ತುಂಬುವವರೆಗೂ ಕಾಯಬೇಡಿ. ಕಿವಿಯ ಜೊತೆ ಪದೇ ಪದೇ ನ್ಯುಮೋನಿಯಾ, ಚರ್ಮದ ಕೀವು ಬರುತ್ತಿದ್ದರೆ ರೋಗನಿರೋಧಕ ಶಕ್ತಿಯ ಪರೀಕ್ಷೆ ಬೇಕಾಗಬಹುದು.

ಮನೆಯಲ್ಲಿ ಬದಲಿಸಬಹುದಾದ್ದು

ಮೊದಲನೆಯದು ಲಸಿಕೆ. ನ್ಯುಮೋಕಾಕಸ್ ಲಸಿಕೆಯನ್ನು ಸರ್ಕಾರ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಶುರು ಮಾಡಿ, 2021ರ ಹೊತ್ತಿಗೆ ದೇಶದ ಎಲ್ಲ ಕಡೆ ತಂದಿತು. 6 ವಾರ, 14 ವಾರ, 9 ತಿಂಗಳಿಗೆ ಒಂದೊಂದು ಡೋಸ್, ಸರ್ಕಾರಿ ಕೇಂದ್ರಗಳಲ್ಲಿ ಪುಕ್ಕಟೆ. ಕಾರ್ಡ್ ತೆಗೆದು ನೋಡಿ, ತಪ್ಪಿದ್ದರೆ ಈಗಲೂ ಕೇಳಿ. ಫ್ಲೂ ಲಸಿಕೆ 6 ತಿಂಗಳಿಂದ ಕೊಡಬಹುದು, ಮಳೆಗಾಲಕ್ಕೆ ಮೊದಲೇ ಹಾಕಿಸಿದರೆ ಒಳ್ಳೆಯದು. ಕಿವಿನೋವು ಪೂರ್ತಿ ನಿಲ್ಲುವುದಿಲ್ಲ, ಕಡಿಮೆಯಾಗುತ್ತದೆ.

ಹೊಗೆ ಎರಡನೆಯದು. ಬಾಲ್ಕನಿಯಲ್ಲಿ ಸೇದಿದ ಸಿಗರೇಟಿನ ಹೊಗೆಯೂ ಒಂದು ಕೋಣೆಯ ಮನೆಯಲ್ಲಿ ಮಗುವಿನ ಮೂಗಿಗೇ ಬರುತ್ತದೆ. ಸೊಳ್ಳೆ ಬತ್ತಿಯ ಬದಲು ಸೊಳ್ಳೆಪರದೆ ಕಟ್ಟಿ. ಎದೆಹಾಲು ಮೊದಲ 6 ತಿಂಗಳು ಪೂರ್ತಿ ಕೊಟ್ಟರೆ ಅದೇ ಒಂದು ರಕ್ಷೆ. ಬಾಟಲಿ ಹಾಲಾದರೆ ಮಲಗಿಸಿ ಕುಡಿಸಬೇಡಿ, ತಲೆ ಎತ್ತರಿಸಿ ಹಿಡಿಯಿರಿ. ಸಮಾಧಾನಕ್ಕೆ ಕೊಡುವ ಖಾಲಿ ನಿಪ್ಪಲ್ (ಪ್ಯಾಸಿಫೈಯರ್) ಚೀಪುವ ಅಭ್ಯಾಸ 6 ತಿಂಗಳ ಮೇಲೆ ಬಿಡಿಸಿ. ಪಾಳಣಾಘರ್ ಬಿಡಿಸಲು ಎಲ್ಲರಿಗೂ ಆಗುವುದಿಲ್ಲ, 8:12ರ ಫಾಸ್ಟ್ ಲೋಕಲ್ ಹಿಡಿಯಬೇಕಾದವರ ಕಷ್ಟ ನನಗೆ ಗೊತ್ತು. ಆದರೆ ಇಪ್ಪತ್ತು ಮಕ್ಕಳಿರುವ ಕಡೆಗಿಂತ ಐದಾರು ಮಕ್ಕಳಿರುವ ಕಡೆ ಶೀತ ಕಡಿಮೆ ಹರಡುತ್ತದೆ. ನಾವು ಹಾಗೆ ಬದಲಿಸಿದೆವು, ಮುಂದಿನ ಮಳೆಗಾಲದಲ್ಲಿ ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಒಂದೇ.

ಊರಿಗೆ ಹೊರಟಾಗ

ಮತ್ಸ್ಯಗಂಧ ರೈಲಿನಲ್ಲಿ ಹೋಗುವವರಿಗೆ ಅಂಥ ತೊಂದರೆಯಿಲ್ಲ. ಘಟ್ಟ ಹತ್ತಿಳಿಯುವ ಬಸ್ಸು, ಮಂಗಳೂರಿನ ವಿಮಾನ ಇವುಗಳಲ್ಲಿ ಕಿವಿ ಕಟ್ಟುತ್ತದೆ. ಸೋಂಕು ಜೋರಿರುವಾಗ ವಿಮಾನ ಹತ್ತಬೇಕಾದರೆ ಮೊದಲು ಡಾಕ್ಟರನ್ನು ಕೇಳಿ. ಹತ್ತಿದಿರಿ ಅಂದರೆ, ಇಳಿಯುವುದಕ್ಕೆ ಅರ್ಧ ಗಂಟೆ ಮೊದಲೇ ಮಗುವನ್ನು ಎಬ್ಬಿಸಿ. ನಿದ್ದೆಯಲ್ಲಿ ನುಂಗುವುದು ಕಡಿಮೆ, ಹಾಗಾಗಿ ನೋವು ಜಾಸ್ತಿ. ಕೂಸಿಗೆ ಎದೆಹಾಲೋ ಬಾಟಲಿಯೋ ಕೊಡಿ, ದೊಡ್ಡವರಿಗೆ ಗುಟುಕು ಗುಟುಕಾಗಿ ನೀರು. ಗ್ರೋಮೆಟ್ ಇರುವ ಮಕ್ಕಳಿಗೆ ಈ ಕಿವಿ ಕಟ್ಟುವ ತೊಂದರೆಯೇ ಇರುವುದಿಲ್ಲ, ಗಾಳಿ ಆ ಕೊಳವೆಯಲ್ಲೇ ಆಚೀಚೆ ಹೋಗುತ್ತದೆ. ಔಷಧಿಯ ಕೋರ್ಸ್ ನಡೆಯುತ್ತಿದ್ದರೆ ಬಾಟಲಿಯನ್ನು ಐಸ್ ಪ್ಯಾಕ್ ಇಟ್ಟ ಡಬ್ಬಿಯಲ್ಲಿ ಒಯ್ಯಿರಿ, ಡಾಕ್ಟರ ಚೀಟಿ ಜೊತೆಗಿರಲಿ.